ಹೊಸ ಕೊಡ ತರುವವರು ಯಾರು?

ಕುಕನೂರಿನ ಸಮೀಪದ ಇಟಗಿಗೆ ಹೋದವರೆಲ್ಲ ಅಲ್ಲಿನ ಮಹಾದೇವ ದೇವಾಲಯದ ಕಂಬಗಳ ಮುಂದೆ ನಿಂತು ಬೆರಗಾಗುತ್ತಾರೆ. ಬಳಪದ ಕಲ್ಲಿನಲ್ಲಿ ಕಡೆದ ಈ ಗುಡಿಯನ್ನು ಅಲ್ಲಿಯ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಕಾಲ ಕ್ರಿ.ಶ. 1112. ಬಹುಕಾಲ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಈ ಊರು ಈಗ ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿಗೆ ಸೇರಿದೆ.

ಗುಡಿ ಕಟ್ಟಿಸಿದವನ ಪದವಿಯಲ್ಲಿರುವ ‘ದಂಡ’ ಎಂಬ ಪದ ಕುತೂಹಲಕರವಾದುದು. ದಂಡವೆಂದರೆ ಕೋಲು, ದಂಡವೆಂದರೆ ಸೈನ್ಯ, ದಂಡವೆಂದರೆ ಶಿಕ್ಷೆ, ಜುಲ್ಮಾನೆ. ನಮ್ಮ ಆಡುಮಾತಿನಲ್ಲಿ ಇನ್ನೂ ಒಂದು ಅರ್ಥವಿದೆ: ‘ಅಷ್ಟು ದುಡ್ಡೂ ದಂಡವಾಯಿತು’ ಎಂದರೆ ವ್ಯರ್ಥವಾಯಿತು ಎಂದು. ಒಬ್ಬ ಅಪರಾಧಿಗೆ ಕೊಟ್ಟ ಶಿಕ್ಷೆ ಯಾವಾಗ ಸಾರ್ಥಕವಾಗುತ್ತದೆ, ಯಾವಾಗ ಈ ಕೊನೆಯ ಅರ್ಥದಲ್ಲಿ ದಂಡವಾಗುತ್ತದೆ? ಜೈಲುಗಳ ಬಗ್ಗೆ ನಡೆಯುವ ಎಲ್ಲ ಚರ್ಚೆಯೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ನಮ್ಮ ರಾಜ್ಯದ ಜೈಲು ಇಲಾಖೆಯ ಹೆಸರಿನಲ್ಲಿ ಈಗ ‘ಕಾರಾಗೃಹ’ದ ಜೊತೆಗೆ ‘ಸುಧಾರಣಾ ಸೇವೆ’ ಎಂಬ ಮಾತೂ ಸೇರಿದೆ. ಪೊಲೀಸರು ಹಿಡಿಯುತ್ತಾರೆ, ನ್ಯಾಯಾಲಯ ತೂಗಿ ನೋಡುತ್ತದೆ, ಜೈಲು ಕೂಡಿಹಾಕುತ್ತದೆ. ಸುಧಾರಣೆ ಎಂಬುದು ಇದರಲ್ಲಿ ಎಲ್ಲಿ ಬಂತು? ಇದು ಪಶ್ಚಿಮದಿಂದ ಬಂದ ಹೊಸ ಆಲೋಚನೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ಇಟಗಿಯ ಗುಡಿ ಎದ್ದ ಅದೇ ಅರಸನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿ ಕುಳಿತು ಬರೆದ ಒಂದು ಗ್ರಂಥದಲ್ಲಿ ಈ ಪ್ರಶ್ನೆಯ ವಿಚಾರ ಬಂದಿದೆ. ಆ ಗ್ರಂಥ ವಿಜ್ಞಾನೇಶ್ವರನ ‘ಮಿತಾಕ್ಷರ’.

ಮರೆತುಹೋದ ಮೂರನೆಯ ಅಧ್ಯಾಯ

ವಿಜ್ಞಾನೇಶ್ವರ ಇಂದಿನ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಹೇಳುತ್ತಾರೆ. ಅವನ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಇದರಲ್ಲಿ ಮೂರು ಅಧ್ಯಾಯಗಳು: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ ಇದರ ದಾಯಭಾಗದ ಪ್ರಕರಣವನ್ನು ಭಾಷಾಂತರಿಸಿದ. ಅಂದಿನಿಂದ ವಕೀಲರ ಪಾಲಿಗೆ ಮಿತಾಕ್ಷರವೆಂದರೆ ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯ ಪುಸ್ತಕವಾಯಿತು. ಉಳಿದ ಭಾಗಗಳು ಪಂಡಿತರ ಕಪಾಟಿನಲ್ಲಿ ಉಳಿದವು.

ಶಿಕ್ಷೆಯ ವಿಷಯದಲ್ಲಿ ಈ ಸ್ಮೃತಿ ಹೇಳುವುದು ನಾಲ್ಕು ಬಗೆಯ ದಂಡಗಳನ್ನು. ಛೀ ಎನ್ನುವುದು ಒಂದು, ಕಟುಮಾತಿನಿಂದ ಬಯ್ಯುವುದು ಎರಡನೆಯದು, ಹಣದ ದಂಡ ಮೂರನೆಯದು, ದೇಹದಂಡನೆ ನಾಲ್ಕನೆಯದು. ಇವುಗಳಲ್ಲಿ ಯಾವುದನ್ನು ವಿಧಿಸುವ ಮೊದಲೂ ಅಪರಾಧವನ್ನು ಮಾತ್ರವಲ್ಲದೆ ದೇಶ, ಕಾಲ, ತಪ್ಪಿತಸ್ಥನ ಶಕ್ತಿ, ವಯಸ್ಸು, ಕಸುಬು, ಸಂಪತ್ತು ಎಲ್ಲವನ್ನೂ ನೋಡಬೇಕೆಂದು ಅದು ವಿಧಿಸುತ್ತದೆ. ಇಂದು ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ನ್ಯಾಯಾಲಯಕ್ಕೆ ಕೊಡುವ ವರದಿಯಲ್ಲೂ ಹೆಚ್ಚು ಕಡಿಮೆ ಇದೇ ವಿವರಗಳು ಇರುತ್ತವೆ.

ಈ ಪಟ್ಟಿಯಲ್ಲಿ ಸೆರೆವಾಸಕ್ಕೆ ಪ್ರತ್ಯೇಕ ಸ್ಥಾನವಿಲ್ಲದಿರುವುದನ್ನು ಗಮನಿಸಬೇಕು. ಸೆರೆಮನೆ ಆಗಲೂ ಇತ್ತು. ಆದರೆ ಇಂತಿಷ್ಟು ತಪ್ಪಿಗೆ ಇಂತಿಷ್ಟು ವರ್ಷ ಎಂದು ಅಳೆದು ಕೊಡುವ ಶಿಕ್ಷೆಯಾಗಿ ಅದು ಬೆಳೆದಿರಲಿಲ್ಲ. ಹೆಚ್ಚಾಗಿ ಬಳಕೆಯಲ್ಲಿದ್ದುದು ಹಣದ ದಂಡ. ನಮ್ಮ ದಾನಶಾಸನಗಳಲ್ಲಿ ಸುಂಕ, ನಿಧಿ, ನಿಕ್ಷೇಪಗಳ ಜೊತೆಗೆ ‘ದಂಡದೋಷ’ ಎಂಬ ಆದಾಯವೂ ದಾನ ಪಡೆದವರಿಗೆ ಸೇರುತ್ತದೆಂದು ಬರೆದಿರುವುದುಂಟು. ಅಂದರೆ ಊರಿನಲ್ಲಿ ನಡೆದ ತಪ್ಪುಗಳ ದಂಡವೂ ಒಂದು ಉತ್ಪತ್ತಿಯಾಗಿತ್ತು. ದಂಡ ಕಟ್ಟಿದರೆ ಲೆಕ್ಕ ತೀರಿತು. ಆದರೆ ತಪ್ಪು ಮಾಡಿದವನ ಸ್ಥಿತಿ?

ಇದಕ್ಕೆ ಉತ್ತರ ಮೂರನೆಯ ಅಧ್ಯಾಯದಲ್ಲಿದೆ. ಗೊತ್ತಿಲ್ಲದೆ ಮಾಡಿದ ಪಾಪವನ್ನು ಪ್ರಾಯಶ್ಚಿತ್ತ ಕಳೆಯುತ್ತದೆ ಎಂಬುದು ಸುಲಭವಾದ ಮಾತು. ಗೊತ್ತಿದ್ದೂ ಬೇಕೆಂದೇ ಮಾಡಿದ್ದರೆ? ಇಲ್ಲಿ ವಿಜ್ಞಾನೇಶ್ವರ ಒಂದು ಸೂಕ್ಷ್ಮವಾದ ವಿಂಗಡಣೆ ಮಾಡುತ್ತಾನೆ. ಪಾಪಕ್ಕೆ ಎರಡು ಶಕ್ತಿಗಳಿವೆ. ಒಂದು, ನರಕಕ್ಕೆ ಒಯ್ಯುವ ಶಕ್ತಿ. ಇನ್ನೊಂದು, ಜನರೊಡನೆ ವ್ಯವಹಾರವನ್ನು ತಡೆಯುವ ಶಕ್ತಿ. ಬೇಕೆಂದೇ ಮಾಡಿದ ಪಾಪದಲ್ಲಿ ಮೊದಲನೆಯದು ಪ್ರಾಯಶ್ಚಿತ್ತದಿಂದ ಹೋಗದಿರಬಹುದು, ಎರಡನೆಯದು ಹೋಗುತ್ತದೆ. ಆ ಮನುಷ್ಯ ಮತ್ತೆ ‘ವ್ಯವಹಾರ್ಯ’ನಾಗುತ್ತಾನೆ, ಎಂದರೆ ಕೊಟ್ಟು ತರಲು, ಕೂಡಿ ಕೂರಲು, ಉಣ್ಣಲು, ದುಡಿಯಲು ತಕ್ಕವನಾಗುತ್ತಾನೆ.

ಪರಲೋಕದ ಮಾತನ್ನು ಬದಿಗಿಟ್ಟು ನೋಡಿದರೂ ಈ ವಿಚಾರದ ಬೆಲೆ ಕಡಿಮೆಯಾಗುವುದಿಲ್ಲ. ಅವನ ಮನಸ್ಸು ಪೂರ್ತಿ ಶುದ್ಧವಾಯಿತೇ ಎಂಬುದನ್ನು ಅಳೆಯುವವರು ಯಾರು? ಅದು ಯಾವ ಇಲಾಖೆಗೂ ಸಾಧ್ಯವಿಲ್ಲ. ಆದರೆ ಅವನು ಮರಳಿ ಜನರ ನಡುವೆ ಬದುಕಲು ಇರುವ ಅಡ್ಡಿಯನ್ನು ತೆಗೆಯಬಹುದು. ಸುಧಾರಣಾ ಸೇವೆಯ ಕೆಲಸ ಇದು.

ಒಡೆದ ಕೊಡ, ತುಂಬಿದ ಕೊಡ

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯನ್ನು ಓದಿದವರಿಗೆ, 1977ರಲ್ಲಿ ಗಿರೀಶ ಕಾಸರವಳ್ಳಿಯವರು ಮಾಡಿದ ಅದೇ ಹೆಸರಿನ ಚಿತ್ರವನ್ನು ನೋಡಿದವರಿಗೆ, ಬದುಕಿರುವವರನ್ನು ಸತ್ತವರೆಂದು ಎಣಿಸಿ ಹೊರಹಾಕುವ ವಿಧಿ ಎಷ್ಟು ಕ್ರೂರವೆಂದು ಗೊತ್ತಿದೆ. ಸ್ಮೃತಿಯ ಪ್ರಕಾರ ಪತಿತನಾದವನ ಬಂಧುಗಳು ಊರ ಹೊರಗೆ ದಾಸಿಯ ಕೈಯಿಂದ ಒಂದು ಕೊಡದ ನೀರನ್ನು ಚೆಲ್ಲಿಸಬೇಕು. ಅಂದಿನಿಂದ ಅವನನ್ನು ಎಲ್ಲ ಕಾರ್ಯಗಳಿಂದಲೂ ಹೊರಗಿಡಬೇಕು.

ಈ ಅರ್ಧವನ್ನು ನಮ್ಮ ಸಮಾಜ ಚೆನ್ನಾಗಿ ನೆನಪಿಟ್ಟುಕೊಂಡಿತು. ಇದರ ಉಳಿದ ಅರ್ಧ ಮುಂದಿನ ಶ್ಲೋಕದಲ್ಲಿಯೇ ಇದೆ. ವಿಧಿಸಿದ ವ್ರತವನ್ನು ಮುಗಿಸಿ ಅವನು ತಿರುಗಿ ಬಂದಾಗ ಬಂಧುಗಳು ಹೊಸ ಕೊಡವನ್ನು ತರಬೇಕು, ಅವನನ್ನು ಹೀಗಳೆಯಬಾರದು, ಎಲ್ಲ ವಿಧದಲ್ಲೂ ಅವನೊಡನೆ ಕೂಡಿ ಬಾಳಬೇಕು. ಹೊರಗೆ ಹಾಕಿದವರು ಯಾರೋ ಅವರೇ ಒಳಗೆ ಕರೆದುಕೊಳ್ಳಬೇಕು, ಅದೂ ಎಲ್ಲರೆದುರಿಗೆ, ಕಣ್ಣಿಗೆ ಕಾಣುವ ಒಂದು ವಿಧಿಯ ಮೂಲಕ. ಪತಿತಳಾದ ಹೆಂಗಸಿಗೂ ಇದೇ ವಿಧಿಯೆಂದು ಹೇಳಿ, ಆಕೆಗೆ ಮನೆಯ ಹತ್ತಿರವೇ ವಾಸ, ಅನ್ನ, ಬಟ್ಟೆ, ರಕ್ಷಣೆಗಳನ್ನು ಕೊಡಬೇಕೆಂದೂ ಸ್ಮೃತಿ ಸೇರಿಸುತ್ತದೆ. ನಮ್ಮ ಊರುಗಳಲ್ಲಿ ಚೆಲ್ಲಿದ ಕೊಡಗಳ ಕತೆಗಳು ಬೇಕಾದಷ್ಟಿವೆ. ಹೊಸ ಕೊಡ ತಂದ ಕತೆಗಳು ಅಪರೂಪ.

ಹಾಗೆಂದು ಆ ಕಾಲವನ್ನು ಹೊಗಳಿ ಕುಳಿತುಕೊಳ್ಳುವಂತಿಲ್ಲ. ದಂಡವಾಗಲಿ ಪ್ರಾಯಶ್ಚಿತ್ತವಾಗಲಿ ಎಲ್ಲರಿಗೂ ಒಂದೇ ಆಗಿರಲಿಲ್ಲ; ತಪ್ಪು ಮಾಡಿದವನ ಜಾತಿ, ತಪ್ಪಿಗೆ ಗುರಿಯಾದವನ ಜಾತಿ ನೋಡಿ ಅದು ಏರುತ್ತಿತ್ತು, ಇಳಿಯುತ್ತಿತ್ತು. ಕೈಕಾಲು ಕತ್ತರಿಸುವ ಶಿಕ್ಷೆಗಳೂ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ತಪ್ಪನ್ನೂ ಮಾಡದೆ ಹುಟ್ಟಿನಿಂದಲೇ ಊರ ಹೊರಗೆ ಉಳಿದವರಿಗೆ ಹೊಸ ಕೊಡ ತರುವ ವಿಧಿ ಯಾವ ಅಧ್ಯಾಯದಲ್ಲಿಯೂ ಇರಲಿಲ್ಲ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಅರಸನ ಅಧಿಕಾರಿ, ಅರಸನ ಸೆರೆಮನೆ

ಪ್ರಾಯಶ್ಚಿತ್ತ ಬಂಧುಗಳ, ಪರಿಷತ್ತಿನ ಕೆಲಸವಾಗಿತ್ತು. ಸೆರೆಯಲ್ಲಿರುವವರ ಹಿತ ನೋಡುವ ಹೊಣೆಯನ್ನು ರಾಜ್ಯವೇ ಹೊತ್ತದ್ದುಂಟೇ? ಇದಕ್ಕಾಗಿ ಇಟಗಿಯ ಗುಡಿಗಿಂತ ಸುಮಾರು ಹದಿಮೂರು ಶತಮಾನ ಹಿಂದಕ್ಕೆ ಹೋಗಬೇಕು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಕಿರು ಬಂಡೆ ಶಾಸನಗಳಿವೆ. ಅದೇ ಅಶೋಕ ತನ್ನ ಐದನೆಯ ಬಂಡೆ ಶಾಸನದಲ್ಲಿ, ಪಟ್ಟಕ್ಕೆ ಬಂದ ಹದಿಮೂರನೆಯ ವರ್ಷ ನೇಮಿಸಿದ ಧರ್ಮಮಹಾಮಾತ್ರರ ಕೆಲಸಗಳನ್ನು ಹೇಳುತ್ತಾನೆ. ಸೆರೆಯಲ್ಲಿರುವವರಿಗೆ ನೆರವಾಗುವುದು, ಮಕ್ಕಳೊಂದಿಗರು, ಮುದುಕರು ಇದ್ದರೆ ಬಿಡುಗಡೆಗೆ ನೋಡುವುದು ಅವುಗಳಲ್ಲಿ ಸೇರಿದೆ. ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಸಲ ಬಂದಿಗಳನ್ನು ಬಿಡಿಸಿದ್ದಾಗಿ ಅವನ ಸ್ತಂಭ ಶಾಸನವೊಂದು ಹೇಳುತ್ತದೆ.

ಇನ್ನೊಂದು ಶಾಸನವಂತೂ ನೇರವಾಗಿ ನ್ಯಾಯಾಧಿಕಾರಿಗಳಿಗೇ ಬರೆದದ್ದು. ಕಾರಣವಿಲ್ಲದೆ ಯಾರೂ ಸೆರೆಗೆ, ಹಿಂಸೆಗೆ ಒಳಗಾಗಬಾರದು. ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಇವು ಅಧಿಕಾರಿಯಲ್ಲಿ ಇರಬಾರದು ಎಂದು ಅದು ಎಚ್ಚರಿಸುತ್ತದೆ. ಒಡಿಶಾದ ಧೌಲಿಯಲ್ಲಿ ಪ್ರಸಿದ್ಧವಾಗಿದ್ದ ಈ ಶಾಸನದ ಭಾಗಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತವು. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ಅದರ ಕಲ್ಲು ಮೂರ್ತಿಯ ಪೀಠವಾಗಿ ಬಳಕೆಯಾಗಿತ್ತು. ಅಧಿಕಾರಿಯ ದಣಿವನ್ನೂ ಒಂದು ದೋಷವೆಂದು ಎಣಿಸಿದ ಈ ಸೂಕ್ಷ್ಮ, ಕಡತಗಳ ರಾಶಿಯ ನಡುವೆ ಕೂತಿರುವ ಇಂದಿನವರಿಗೂ ಹೊಂದುತ್ತದೆ.

ನಂತರದ ಅರಸರೆಲ್ಲ ಈ ದಾರಿ ಹಿಡಿದರೆಂದು ಹೇಳಲಾಗದು. ಗಂಗಾವತಿಯ ಆನೆಗುಂದಿಯಿಂದ ಹೊಳೆ ದಾಟಿದರೆ ಹಂಪಿ. ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಕಳ್ಳನ ಕೈಕಾಲು ಕತ್ತರಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಕೃಷ್ಣದೇವರಾಯ ತನ್ನ ಮಂತ್ರಿ ಸಾಳುವ ತಿಮ್ಮರಸನ ಕಣ್ಣು ತೆಗೆಸಿ ಸೆರೆಯಲ್ಲಿಟ್ಟನೆಂದು ಹೇಳಿದವನೂ ಅವನೇ. ಸೆರೆಮನೆ ಆಗ ದೊಡ್ಡವರ ರಾಜಕೀಯದ ಸಾಧನ. ಸಾಮಾನ್ಯ ಕಳ್ಳನಿಗೆ ಅದರ ಅಗತ್ಯವೇ ಇರಲಿಲ್ಲ.

ಅಂಗಚ್ಛೇದದ ಬದಲು ವರ್ಷಗಳ ಲೆಕ್ಕ ಬಂದದ್ದು ಬ್ರಿಟಿಷರ ಕಾಲದಲ್ಲಿ. ಇದು ಒಂದು ದೊಡ್ಡ ಸುಧಾರಣೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಮೆಕಾಲೆಯ ಪ್ರೇರಣೆಯಿಂದ ನೇಮಕವಾದ ಜೈಲು ಸಮಿತಿ 1838ರಲ್ಲಿ ಕೊಟ್ಟ ವರದಿ, ಕೈದಿಗಳಿಗೆ ಶಿಕ್ಷಣ ಮುಂತಾದುವನ್ನು ಒಪ್ಪದೆ, ಕೇಂದ್ರ ಕಾರಾಗೃಹಗಳನ್ನು ಕಟ್ಟಿ ಬೇಸರ ಹುಟ್ಟಿಸುವ ಕಠಿಣ ದುಡಿಮೆ ಮಾಡಿಸಬೇಕೆಂದಿತು. 1867ರ ಬೆಂಗಳೂರು ಸೆಂಟ್ರಲ್ ಜೈಲು ಇಂದು ಸ್ವಾತಂತ್ರ್ಯ ಉದ್ಯಾನವಾಗಿದೆ. ಅಲ್ಲಿ ನಡುವೆ ನಿಂತ ಕಾವಲು ಗೋಪುರವನ್ನು ನೋಡಿದರೆ ಅಂದಿನವರ ಮನಸ್ಸಿನಲ್ಲಿದ್ದುದು ತಿಳಿಯುತ್ತದೆ: ಒಬ್ಬ ಕಾವಲುಗಾರ, ಸುತ್ತಲೂ ಅವನ ಕಣ್ಣಿಗೆ ಬೀಳುವ ಕೈದಿಗಳು. 1894ರ ಪ್ರಿಸನ್ಸ್ ಆಕ್ಟ್ ಕೂಡ ಮುಖ್ಯವಾಗಿ ಕಾವಲು ಮತ್ತು ಶಿಸ್ತಿನ ಕಾಯ್ದೆ. ಶಿಕ್ಷೆಯ ಗುರಿಗಳಲ್ಲಿ ಕೈದಿಯ ಸುಧಾರಣೆಯೂ ಒಂದೆಂದು ಸರ್ಕಾರಿ ಸಮಿತಿಯೊಂದು ಸ್ಪಷ್ಟವಾಗಿ ಹೇಳಲು 1919–20ರ ಭಾರತೀಯ ಜೈಲು ಸಮಿತಿಯವರೆಗೆ ಕಾಯಬೇಕಾಯಿತು.

ಬೀಗವಿಲ್ಲದ ಪ್ರಯೋಗಗಳು

ಸ್ವಾತಂತ್ರ್ಯ ಚಳವಳಿಯಲ್ಲಿ ಸಾವಿರಾರು ಜನ ಜೈಲು ಕಂಡು ಬಂದ ಮೇಲೆ ಜೈಲಿನ ಬಗ್ಗೆ ನಮ್ಮವರ ನೋಟ ಸ್ವಲ್ಪ ಬದಲಾಯಿತು. 1939ರಲ್ಲಿ ಔಂಧ್ ಸಂಸ್ಥಾನದವರು ಆಟಪಾಡಿಯ ಸಮೀಪ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಕೈದಿಗಳ ವಸಾಹತನ್ನು ಆರಂಭಿಸಿದರು. ವಿಜಾಪುರ ಕಡೆಯ ಕನ್ನಡ ಪ್ರದೇಶವಾದ ಗುಣದಾಳವೂ ಆ ಪುಟ್ಟ ಸಂಸ್ಥಾನಕ್ಕೆ ಸೇರಿತ್ತು. ವಿ. ಶಾಂತಾರಾಂ ಅವರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಈ ಪ್ರಯೋಗವೇ. ಕರ್ನಾಟಕದಲ್ಲಿಯೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಸ್ಥಾಪನೆಯಾಯಿತು.

ಕಾಯ್ದೆಯ ದೃಷ್ಟಿಯಿಂದ ಮುಖ್ಯವಾದುದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಇದರ ಪ್ರಕಾರ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ನ್ಯಾಯಾಲಯವು ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸುವ ಬದಲು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮೇಲ್ವಿಚಾರಣೆಯಲ್ಲಿ ಬಿಡಬಹುದು. ಅಂಥ ಅಪರಾಧದಲ್ಲಿ ಸಿಕ್ಕವನು 21 ವರ್ಷದೊಳಗಿನವನಾದರೆ, ಜೈಲಿಗೇ ಏಕೆ ಕಳುಹಿಸಬೇಕೆಂಬ ಕಾರಣವನ್ನು ನ್ಯಾಯಾಧೀಶರು ಬರೆದಿಡಬೇಕು. ಇದರ 12ನೆಯ ಕಲಮು ಇನ್ನೂ ವಿಶೇಷವಾದುದು: ಹೀಗೆ ಬಿಡುಗಡೆಯಾದವನಿಗೆ, ಶಿಕ್ಷೆಗೊಳಗಾದವರಿಗೆ ತಗಲುವ ಅನರ್ಹತೆ ತಗಲದು. ವಿಜ್ಞಾನೇಶ್ವರ ಹೇಳಿದ ‘ವ್ಯವಹಾರ ತಡೆಯುವ ಶಕ್ತಿ’ಯನ್ನು ಕಳಚುವ ಕಲಮು ಇದು ಎಂದರೆ ತಪ್ಪಾಗದು.

ಜೈಲಿನೊಳಗೂ ಹೊಸ ಪ್ರಯತ್ನಗಳಾದವು. ಕೊಪ್ಪಳಕ್ಕೆ ಹತ್ತಿರದ ಕೇಂದ್ರ ಕಾರಾಗೃಹ ಬಳ್ಳಾರಿಯದು. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಲ್ಲಿ ಅಲ್ಲಿಯ ಕೈದಿಗಳಿಗೆ ನಾಟಕ ಕಲಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನು ಕೈದಿಗಳೇ ಆಡಿದರು. ಮಿತಾಕ್ಷರ ಹುಟ್ಟಿದ ಕಲ್ಯಾಣದಲ್ಲಿಯೇ, ಅದೇ ಶತಮಾನದಲ್ಲಿ ನಡೆದ ಬಸವಣ್ಣನವರ ಕಾಲದ ಕತೆ ಅದು. ಜನ ಟಿಕೆಟು ಕೊಂಡು ಕೈದಿಯನ್ನು ನಟನೆಂದು ನೋಡಿ ಚಪ್ಪಾಳೆ ತಟ್ಟುವ ಗಳಿಗೆಯಲ್ಲಿ ಸಮಾಜಕ್ಕೂ ಅವನಿಗೂ ಒಂದು ವ್ಯವಹಾರ ತೊಡಗಿಬಿಡುತ್ತದೆ.

ದುಡಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಕೈದಿಯ ಕೆಲಸಕ್ಕೆ ನ್ಯಾಯವಾದ ಕೂಲಿ ಸಲ್ಲಬೇಕು, ಅದರಲ್ಲಿ ಒಂದು ಭಾಗ ಅಪರಾಧಕ್ಕೆ ಬಲಿಯಾದವರ ಪರಿಹಾರಕ್ಕೆ ಹೋಗಬೇಕು ಎಂಬುದು ಅದರ ಆಶಯ. ಸುಧಾರಣೆಯ ಮಾತಿನಲ್ಲಿ ನೊಂದವರನ್ನು ಮರೆಯಬಾರದೆಂಬುದಕ್ಕೆ ಇದು ಸಾಕ್ಷಿ.

ತೀರ್ಪಿಗೆ ಮೊದಲೇ ಚೆಲ್ಲಿದ ನೀರು

ಇಷ್ಟೆಲ್ಲ ಆದರೂ ಅಂಕಿಅಂಶ ನೋಡಿದರೆ ಮನಸ್ಸು ಕುಗ್ಗುತ್ತದೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ; ಜೈಲುಗಳ ಸಾಮರ್ಥ್ಯ 4,36,266. ಅವರಲ್ಲಿ 4,34,302 ಮಂದಿ, ಅಂದರೆ ನೂರಕ್ಕೆ ಸುಮಾರು 76ರಷ್ಟು, ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆಂದು ಇನ್ನೂ ಸಾಬೀತಾಗದವರು. ಶಿಕ್ಷೆಯಾದವನನ್ನು ತಿದ್ದಿ ಕಳುಹಿಸಲು ಇರುವ ಸೇವೆಯ ಮುಂದೆ, ತಿದ್ದಲು ಏನಿದೆಯೆಂದೇ ತೀರ್ಮಾನವಾಗದ ಮುಕ್ಕಾಲು ಪಾಲು ಜನ ಕುಳಿತಿದ್ದಾರೆ. ಅವರಲ್ಲಿ ಕೊನೆಗೆ ನಿರ್ದೋಷಿಯೆಂದು ಬಿಡುಗಡೆಯಾಗಿ ಬಂದವನನ್ನೂ ಊರವರು ‘ಮಾವನ ಮನೆಗೆ ಹೋಗಿ ಬಂದವ’ ಎಂದೇ ಗುರುತಿಸುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇಲ್ಲಿ ಜೈಲು ಅಧೀಕ್ಷಕರಿಗೆ ಒಂದು ಕೆಲಸ ವಹಿಸಿದೆ. ಮೊದಲ ಸಲ ಆರೋಪಿಯಾದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೇ ಕಳೆದಿದ್ದರೆ, ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಅಧೀಕ್ಷಕರೇ ಅರ್ಜಿ ಹಾಕಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಹಲವು ಮೊಕದ್ದಮೆಗಳಿರುವವರಿಗೆ ಇದು ಅನ್ವಯಿಸದು. ಕೂಡಿಹಾಕುವವನೇ ಬಿಡಿಸಲು ಕೇಳಬೇಕೆಂಬ ಈ ನಿಯಮ ಅಶೋಕನ ಧರ್ಮಮಹಾಮಾತ್ರರನ್ನು ನೆನಪಿಗೆ ತರುತ್ತದೆ. ಅದೇ ದಿನದಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ, ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿತು.

ಹಳೆಯ ರೋಗವೂ ಪೂರ್ತಿ ಬಿಟ್ಟಿಲ್ಲ. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಅಡುಗೆ ಒಂದು ಜಾತಿಗೆ, ಕಸಗುಡಿಸುವುದು ಇನ್ನೊಂದಕ್ಕೆ ಎಂಬಂತೆ ಕೆಲಸ ಹಂಚುತ್ತಿದ್ದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇಂಥ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ರದ್ದುಪಡಿಸಿತು.

ಅದೇ ತಿಂಗಳ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ ಗಂಗಾವತಿ ತಾಲ್ಲೂಕಿನ ಮರಕುಂಬಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2014ರ ಆಗಸ್ಟಿನಲ್ಲಿ ಆ ಊರಿನ ದಲಿತರ ಮೇಲೆ ಹಲ್ಲೆಯಾಗಿ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಅವರಿಗೆ ಪ್ರವೇಶ ನಿರಾಕರಿಸಿದ್ದು ಈ ವೈಷಮ್ಯದ ಹಿನ್ನೆಲೆಯಲ್ಲಿತ್ತು. ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು. ತೀರ್ಪಿನ ಸರಿತಪ್ಪುಗಳನ್ನು ನೋಡುವುದು ಮೇಲಿನ ನ್ಯಾಯಾಲಯಗಳ ಕೆಲಸ. ನಮ್ಮ ಪ್ರಶ್ನೆ ಬೇರೆ. ಒಂದೇ ಊರಿನ ನೂರು ಜನ ಇಂದಲ್ಲ ನಾಳೆ ಅದೇ ಊರಿಗೆ, ಅದೇ ನೊಂದ ನೆರೆಯವರ ಬಳಿಗೆ ಮರಳುವುದಾದರೆ, ಆ ಎರಡು ಕೇರಿಗಳ ನಡುವಿನ ವ್ಯವಹಾರ ಹೇಗೆ ಕೂಡಬೇಕು?

ಇಲ್ಲಿ ಕೊಡದ ವಿಧಿಯನ್ನು ತಿರುವಿ ಯೋಚಿಸಬೇಕಾಗುತ್ತದೆ. ಆ ಊರಿನಲ್ಲಿ ವ್ಯವಹಾರಕ್ಕೆ ಹೊರತಾಗಿದ್ದವರು ಮೊದಲಿಗೆ ತಪ್ಪು ಮಾಡಿದವರಲ್ಲ. ಏನೂ ತಪ್ಪು ಮಾಡದವರು. ಮೊದಲ ಹೊಸ ಕೊಡ ಸಲ್ಲಬೇಕಾದದ್ದು ಅವರ ಕೇರಿಗೆ. ಅವರು ಅಂಜಿಕೆಯಿಲ್ಲದೆ ಹೋಟೆಲಿನಲ್ಲಿ ಕುಳಿತು ಚಹಾ ಕುಡಿಯುವಂತಾದ ಮೇಲೆಯೇ, ಶಿಕ್ಷೆ ಮುಗಿಸಿ ಬಂದವನನ್ನು ಊರು ಒಳಗೆ ಕರೆದುಕೊಂಡಿತು ಎಂಬ ಮಾತಿಗೆ ಅರ್ಥ. ಇದನ್ನು ಪೊಲೀಸರಾಗಲಿ ನ್ಯಾಯಾಧೀಶರಾಗಲಿ ಮಾಡಿಕೊಡಲಾರರು. ಪರಿವೀಕ್ಷಣಾಧಿಕಾರಿ, ಜೈಲಿನ ಶಿಕ್ಷಕ, ಕಸುಬು ಕಲಿಸುವವನು, ಬಿಡುಗಡೆಯ ನಂತರ ಮನೆಗೆ ಬಂದು ವಿಚಾರಿಸುವವನು ಇವರೆಲ್ಲ ಸೇರಿ ಅರ್ಧದಾರಿ ತಂದು ಬಿಡಬಲ್ಲರು. ಉಳಿದ ಅರ್ಧ ಊರಿನದು.

ಮಹಾದೇವ ದಂಡನಾಯಕನ ಗುಡಿ ಒಂಬತ್ತು ಶತಮಾನ ದಾಟಿ ನಿಂತಿದೆ. ಅದೇ ಕಾಲದ ಆ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಒಪ್ಪಲಾಗದ ಮಾತುಗಳು ಎಷ್ಟೋ ಇವೆ. ಆದರೆ ಶಿಕ್ಷೆ ಮುಗಿಸಿ ಬಂದವನನ್ನು ಹೀಗಳೆಯಬಾರದು, ಅವನೊಡನೆ ಕೂಡಿ ಬಾಳಬೇಕು ಎಂಬ ಒಂದು ಮಾತನ್ನು ಜಾತಿಯ ಹಂಗಿಲ್ಲದೆ ಎಲ್ಲರಿಗೂ ಅನ್ವಯಿಸಿ ಉಳಿಸಿಕೊಳ್ಳಬಹುದು. ಇಲ್ಲವಾದರೆ ಕೊಟ್ಟ ಶಿಕ್ಷೆಯೂ ಕಳೆದ ವರ್ಷಗಳೂ ಜನರ ಆಡುಮಾತಿನ ಅರ್ಥದಲ್ಲಿಯೇ ದಂಡವಾಗುತ್ತವೆ.